ಶಾಂತಕುಮಾರಿ ಟೈಪ್ ಮಾಡಿದ ಹೆಸರುಗಳು

ಶಾಂತಕುಮಾರಿ ನಕ್ಷೆ ಬರೆಯಲು ಕಲಿತದ್ದು ಕಂಪ್ಯೂಟರಿನಲ್ಲಿ ಅಲ್ಲ. ಐಟಿಐ ಮುಗಿಸಿ ಶಿವಾಜಿನಗರದ ಒಂದು ಸರ್ವೆ ಕಚೇರಿಗೆ ಸೇರಿದಾಗ ಅವಳಿಗೆ ಹತ್ತೊಂಬತ್ತು ವರ್ಷ. ಟ್ರೇಸಿಂಗ್ ಕಾಗದ, ಕಪ್ಪು ಶಾಯಿ, ಗೆರೆ ತಪ್ಪಿದರೆ ಕೆರೆಯಲು ಅರ್ಧ ಬ್ಲೇಡು. ಕೆಲವು ವರ್ಷಗಳಲ್ಲಿ ಆ ಕಚೇರಿ ಮುಚ್ಚಿತು. ಆಮೇಲೆ ಅವಳು ಹಲಸೂರಿನ ಒಂದು ಸೆಂಟರಿನಲ್ಲಿ ಮ್ಯಾಪಿಂಗ್ ಸಾಫ್ಟ್‌ವೇರ್ ಕಲಿತು, ಇಂದಿರಾನಗರದಲ್ಲಿ ಕೆಂಪರಾಜ್ ಎಂಬುವರು ನಡೆಸುತ್ತಿದ್ದ ಆಫೀಸಿಗೆ ಸೇರಿಕೊಂಡಳು. ಹಳೆಯ ಬಂಗಲೆಯ ಮಹಡಿ, ಆರು ಬಾಡಿಗೆ ಕಂಪ್ಯೂಟರು. ಕೆಳಗೆ ಹೋಟೆಲು ಇದ್ದುದರಿಂದ ಮಧ್ಯಾಹ್ನವಿಡೀ ಬೆಳ್ಳುಳ್ಳಿ ಘಾಟು. ಹದಿನಾಲ್ಕು ವರ್ಷ ಅಲ್ಲಿ ಕೂತು ಊರಿನ ಚರಂಡಿ, ನೀರಿನ ಪೈಪು, ಬೀದಿದೀಪ, ವಾರ್ಡಿನ ಗಡಿ ಎಲ್ಲವನ್ನೂ ಬರೆದಳು. ಗೆರೆಗೆ ಗೆರೆ ಕೂಡದೆ ಕೂದಲೆಳೆಯಷ್ಟು ಬಿರುಕು ಉಳಿದರೂ ಅವಳಿಗೆ ಸಮಾಧಾನವಿರುತ್ತಿರಲಿಲ್ಲ.

ಮನೆ ಕೃಷ್ಣರಾಜಪುರದಲ್ಲಿ. ಗಂಡ ಮುತ್ತುರಾಜ್ ಗೂಡ್ಸ್ ಆಟೋ ಓಡಿಸುತ್ತಿದ್ದ. ಟಿನ್ ಫ್ಯಾಕ್ಟರಿಯಿಂದ ತುಸು ದೂರದಲ್ಲಿ, ನಗರ ನುಂಗಿ ಮುಗಿಸಿದ ಒಂದು ಹಳೆಯ ಊರಿನ ಸ್ಮಶಾನವಿತ್ತು. 2022ರಲ್ಲಿ ಅದರ ನಕ್ಷೆ ಮಾಡುವ ಕೆಲಸ ನಗರಪಾಲಿಕೆಯ ಕಚೇರಿಯಿಂದ ಕೆಂಪರಾಜರಿಗೆ ಸಿಕ್ಕಿತು. ಅದು ತನ್ನ ಮನೆಯ ದಾರಿಯಲ್ಲೇ ಇದ್ದುದರಿಂದ ಶಾಂತಕುಮಾರಿಯೇ ಕೇಳಿ ವಹಿಸಿಕೊಂಡಳು.

ಆ ಸ್ಮಶಾನವನ್ನು ಮೂವತ್ತು ವರ್ಷದಿಂದ ನೋಡಿಕೊಳ್ಳುತ್ತಿದ್ದವರು ಶ್ರೀರಾಮಪ್ಪ. ಕಲ್ಲು ನೆಡಿಸುವಷ್ಟು ಅನುಕೂಲವಿದ್ದವರು ಅಲ್ಲಿ ಕಡಿಮೆ. ಹೆಚ್ಚಿನವು ಬರಿಯ ಮಣ್ಣಿನ ದಿಬ್ಬಗಳು. ಯಾರದು ಎಲ್ಲಿ ಎಂಬುದು ಶ್ರೀರಾಮಪ್ಪನವರ ತಲೆಯಲ್ಲಿತ್ತು, ಮತ್ತು ಅವರ ಒಂದು ನೋಟ್‌ಬುಕ್ಕಿನಲ್ಲಿತ್ತು. ಅದರಲ್ಲಿ ಹೆಸರು, ಇಸವಿ, ಯಾವ ಸಾಲು, ಎಷ್ಟು ಹೆಜ್ಜೆ ಎಂದಿತ್ತು, ಅಷ್ಟೇ. ಅವರು ಹೆಜ್ಜೆ ಹಾಕುತ್ತ ಮುಂದೆ ನಡೆದರು. ಶಾಂತಕುಮಾರಿ ಜಿಪಿಎಸ್ ಹಿಡಿದು ಹಿಂದೆ ನಡೆದಳು. ಒಂಬತ್ತು ದಿನದಲ್ಲಿ ಇನ್ನೂರ ಹನ್ನೆರಡು ಸಮಾಧಿಗಳು ಗುರುತಾದವು.

ಒಂದು ಮಧ್ಯಾಹ್ನ ಅವಳು ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ತೆರೆದು ಅವರಿಗೆ ತೋರಿಸಿದಳು.

"ಇಲ್ಲಿ ಎಡಗಡೆ ಇರೋದು ಪದರಗಳು ತಾತ. ಕೆಳಗಿನ ಪದರ ಡ್ರೋನ್ ತೆಗೆದ ಫೋಟೋ. ಅದು ಬರೀ ಬಣ್ಣದ ಚೌಕಗಳು, ಹತ್ರ ಹೋದ್ರೆ ಒಡೆದ್ಹೋಗುತ್ತೆ. ಅದರ ಮೇಲಿಂದು ನಾನು ಬರೆದಿರೋದು. ಕಾಂಪೌಂಡು ಒಂದು ಗೆರೆ, ಒಂದೊಂದು ಗುಂಡಿನೂ ಒಂದೊಂದು ಚುಕ್ಕಿ."

"ಅಷ್ಟು ಚಿಕ್ಕ ಚುಕ್ಕಿ ಒಳಗೆ ಹೆಸರು ಹೆಂಗಮ್ಮ ಕೂತ್ಕೊಂತದೆ?"

"ಚುಕ್ಕಿ ಒಳಗಿಲ್ಲ. ನೋಡಿ, ಕೆಳಗೊಂದು ಪಟ್ಟಿ ಇದೆ. ಒಂದು ಚುಕ್ಕಿಗೆ ಒಂದು ಸಾಲು. ಚುಕ್ಕಿ ಮುಟ್ಟಿದ್ರೆ ಸಾಲು ಹೊಳೆಯುತ್ತೆ."

ಅವರು ಬೆರಳಿಟ್ಟು ಮುಟ್ಟಿದರು. ಅವರ ಹೆಂಡತಿಯ ಹೆಸರು ಕನ್ನಡದಲ್ಲಿ ಮೂಡಿತು. ಬೆರಳು ತೆಗೆದು ಮತ್ತೊಮ್ಮೆ ಮುಟ್ಟಿದರು.

ಕನ್ನಡದಲ್ಲಿ ಟೈಪ್ ಮಾಡಬೇಕೆಂದು ಹಟ ಹಿಡಿದವಳು ಶಾಂತಕುಮಾರಿಯೇ. ಆಫೀಸಿನಲ್ಲಿ ಅದುವರೆಗೆ ಎಲ್ಲ ಪಟ್ಟಿಗಳೂ ಇಂಗ್ಲಿಷಿನಲ್ಲೇ ಇದ್ದವು. "ಇಂಗ್ಲಿಷಲ್ಲಿ ಹೊಡೆದು ಬಿಸಾಕಮ್ಮ, ಯಾರು ಓದ್ತಾರೆ ಅದನ್ನ?" ಎಂದಿದ್ದರು ಕೆಂಪರಾಜ್. "ಆಂಜನಮ್ಮ ಅಂತ ಒಬ್ರಿದ್ದಾರೆ ಸಾರ್, ಅಂಜಿನಮ್ಮ ಅಂತ ಇನ್ನೊಬ್ರು. ಇಂಗ್ಲಿಷಲ್ಲಿ ಬರೆದ್ರೆ ಯಾರು ಯಾರೋ ಆಗ್ಬಿಡ್ತಾರೆ," ಎಂದು ಅವಳು ವಾದಿಸಿ ಗೆದ್ದಳು.

ಕೆಲಸ ಮುಗಿದ ಮೇಲೆ ಪಾಲಿಕೆ ಕಚೇರಿಯವರು ಮೂಲ ದಾಖಲೆಯನ್ನೂ ಕೇಳಿದರು. ಶ್ರೀರಾಮಪ್ಪ ನೋಟ್‌ಬುಕ್ ಕೊಡಲು ಒಪ್ಪಲಿಲ್ಲ. ಅವರನ್ನು ಒಪ್ಪಿಸಿದವಳೂ ಅವಳೇ. "ಕೊಡಿ ತಾತ, ಇದು ಇವತ್ತಲ್ಲ ನಾಳೆ ಗೆದ್ದಲು ಹಿಡಿಯುತ್ತೆ. ಕಂಪ್ಯೂಟರಲ್ಲಿರೋದು ಎಲ್ಲಿಗೂ ಹೋಗಲ್ಲ." ಅವರು ಕೊಟ್ಟರು.

ನಕ್ಷೆ ಒಪ್ಪಿಸುವ ದಿನ ಕೆಂಪರಾಜ್ ಕುರ್ಚಿಯ ಹಿಂದೆಯೇ ನಿಂತಿದ್ದರು. ಕಚೇರಿಯವರಿಗೆ ಅದು ಶೇಪ್‌ಫೈಲ್ ಎಂಬ ಹಳೆಯ ಮಾದರಿಯಲ್ಲೇ ಬೇಕಿತ್ತು. ಹೆಸರಿಗೆ ಒಂದು ಫೈಲ್, ನಿಜಕ್ಕೆ ನಾಲ್ಕೈದು. ಒಂದರಲ್ಲಿ ಆಕಾರ, ಒಂದರಲ್ಲಿ ಅದರ ಸೂಚಿ, ಒಂದರಲ್ಲಿ ಹೆಸರಿನ ಪಟ್ಟಿ, ಇನ್ನೊಂದರಲ್ಲಿ ಇವೆಲ್ಲ ಭೂಮಿಯ ಮೇಲೆ ಎಲ್ಲಿ ಕೂರಬೇಕೆಂಬ ಲೆಕ್ಕ. ಹೊಸದಾಗಿ ಉಳಿಸುವಾಗ ಅಕ್ಷರಗಳನ್ನು ಯಾವ ಲಿಪಿವ್ಯವಸ್ಥೆಯಲ್ಲಿ ಬರೆಯಬೇಕೆಂದು ಸಾಫ್ಟ್‌ವೇರ್ ಒಂದು ಸಣ್ಣ ಪೆಟ್ಟಿಗೆಯಲ್ಲಿ ಕೇಳುತ್ತದೆ. ಇಂಗ್ಲಿಷ್ ಕೆಲಸಗಳಿಗೆ ಅದನ್ನು ಮುಟ್ಟುವ ಅಗತ್ಯವೇ ಬಿದ್ದಿರಲಿಲ್ಲ. ಆ ದಿನವೂ ಅವಳು ಮುಟ್ಟಲಿಲ್ಲ. ಹೊಸ ಫೈಲನ್ನು ಮತ್ತೆ ತೆರೆದು ಫೋಟೋದ ಮೇಲೆ ಹಾಸಿ ನೋಡಿದಳು. ಇನ್ನೂರ ಹನ್ನೆರಡು ಚುಕ್ಕಿಗಳೂ ತಮ್ಮ ತಮ್ಮ ದಿಬ್ಬದ ಮೇಲೆ ಸರಿಯಾಗಿ ಕೂತಿದ್ದವು. ಪಟ್ಟಿಯನ್ನು ಮಾತ್ರ ತೆರೆಯಲಿಲ್ಲ.

ಎರಡು ವರ್ಷ ಕಳೆಯಿತು. ಶ್ರೀರಾಮಪ್ಪ ಪಾರ್ಶ್ವವಾಯು ಬಡಿದು ತೀರಿಕೊಂಡರು. ಅದಾಗಿ ಎರಡು ತಿಂಗಳಿಗೆ ಜೆಸಿಬಿ ಬಂದು ಲಂಟಾನ ಪೊದೆಗಳ ಜೊತೆಗೆ ದಿಬ್ಬಗಳನ್ನೂ ಹೆರೆದು ನೆಲ ಸಮ ಮಾಡಿತು. ರಸ್ತೆ ಅಗಲ ಮಾಡಲು ಸ್ಮಶಾನದ ಒಂದು ಪಟ್ಟೆ ಬೇಕಾಗಿತ್ತು. ಗೇಟಿಗೆ ನೋಟಿಸು ಅಂಟಿಸಿದರು. ಅರವತ್ತನಾಲ್ಕು ಸಮಾಧಿಗಳು ಆ ಪಟ್ಟೆಯಲ್ಲಿವೆ, ಸಂಬಂಧಿಕರು ಹದಿನೈದು ದಿನದೊಳಗೆ ಬಂದು ಗುರುತಿಸಿದರೆ ಅವಶೇಷಗಳನ್ನು ಹೊಸ ಜಾಗದಲ್ಲಿ ಹೂಳಲಾಗುವುದು, ಯಾರೂ ಗುರುತಿಸದವನ್ನು ಒಟ್ಟಿಗೆ ಒಂದೇ ಗುಂಡಿಗೆ ಹಾಕಲಾಗುವುದು ಎಂದಿತ್ತು. ಕೆಳಗೆ ಪಟ್ಟಿ.

ಬೆಳಿಗ್ಗೆ ಬಸ್ಸಿಗೆ ಹೊರಟಿದ್ದ ಶಾಂತಕುಮಾರಿ ಗೇಟಿನ ಮುಂದೆ ಗುಂಪು ಕಂಡು ನಿಂತಳು. ಕ್ರಮಸಂಖ್ಯೆ ಇತ್ತು, ಇಸವಿ ಇತ್ತು. ಹೆಸರಿನ ಕಾಲಮ್ಮಿನಲ್ಲಿ ಮೇಲಿನಿಂದ ಕೆಳಗಿನವರೆಗೆ ಪ್ರಶ್ನಾರ್ಥಕ ಚಿಹ್ನೆಗಳು ಮಾತ್ರ ಇದ್ದವು. ಗುಂಪಿನಲ್ಲಿ ಯಾರೋ, "ಇದ್ಯಾವ ಭಾಷೆನೋ ಮಗಾ?" ಎಂದು ನಕ್ಕರು. ಅವಳಿಗೆ ಅದು ಯಾವ ಭಾಷೆಯೆಂದು ನೋಡಿದ ಕ್ಷಣವೇ ತಿಳಿಯಿತು. ತಾನು ಅಂದು ಮುಟ್ಟದೆ ಬಿಟ್ಟ ಆ ಸಣ್ಣ ಪೆಟ್ಟಿಗೆಯಿಂದಾಗಿ ಕನ್ನಡದ ಅಕ್ಷರಗಳೆಲ್ಲ ಹೀಗೆ ಉಳಿದಿದ್ದವು.

ಆಫೀಸಿಗೆ ಹೋಗಿ ಕೆಂಪರಾಜರನ್ನು ಮೂಲ ಫೈಲ್ ಕೇಳಿದಳು.

"ಆ ಸಿಸ್ಟಂಗಳೆಲ್ಲ ಬಾಡಿಗೇವು ಕಣಮ್ಮ. ಹೋದ ವರ್ಷ ವಾಪಸ್ ಕೊಟ್ವಲ್ಲ, ಫಾರ್ಮ್ಯಾಟ್ ಮಾಡೇ ತಗೊಂಡೋದ್ರು."

"ಲ್ಯಾಪ್‌ಟಾಪು?"

"ಅದೂ ಅದ್ರಲ್ಲೇ ಇತ್ತು. ನೀನು ಈ ವಿಷ್ಯ ಎಲ್ಲೂ ಬಾಯಿ ಬಿಡ್ಬೇಡ. ಡೆಲಿವರಿ ಆಯ್ತು, ಅವರು ಸೈನ್ ಹಾಕಿದ್ರು. ನಮ್ದೇನಿಲ್ಲ."

ನೋಟ್‌ಬುಕ್ಕನ್ನು ಹುಡುಕಿಕೊಂಡು ಪಾಲಿಕೆ ಕಚೇರಿಗೆ ಹೋದಳು. ಕಂಪ್ಯೂಟರಿಗೆ ಸೇರಿದ ಮೇಲೆ ಹಳೆಯ ಕಾಗದವನ್ನೆಲ್ಲ ರದ್ದಿಗೆ ಹಾಕಿದೆವೆಂದು ಅಲ್ಲಿನ ಗುಮಾಸ್ತರು ಹೇಳಿದರು. "ಆ ತಪ್ಪು ನಂದು ಸಾರ್" ಎಂದು ಅವಳು ಅವರೆದುರು ಹೇಳಿದಳು. ಅವರು, "ಆಯ್ತು, ಈಗೇನ್ಮಾಡೋಣ ಹೇಳಿ?" ಎಂದರು.

ಪಟ್ಟಿಯ ಒಂದು ಪ್ರತಿ ತೆಗೆದುಕೊಂಡು ಮನೆಗೆ ಬಂದಳು. ಎರಡು ದಿನ ಅದನ್ನೇ ನೋಡಿದಳು. ಎಲ್ಲ ಹೆಸರೂ ಒಂದೇ ಉದ್ದವಿಲ್ಲ ಎಂಬುದು ಆಗ ಹೊಳೆಯಿತು. ಕಂಪ್ಯೂಟರು ಪ್ರತಿಯೊಂದು ಅಕ್ಷರಕ್ಕೂ ಒಂದು ಚಿಹ್ನೆ ಹಾಕಿತ್ತು. ಗುಣಿತಕ್ಕೆ ಇನ್ನೊಂದು, ಸೊನ್ನೆಗೆ ಇನ್ನೊಂದು, ಒತ್ತಕ್ಷರಕ್ಕೆ ಇನ್ನೆರಡು. ಆಂಜನಮ್ಮ ಎಂದರೆ ಏಳು. ಅಂಜಿನಮ್ಮ ಎಂದರೆ ಎಂಟು, ಒಂದು ಗುಡಿಸು ಹೆಚ್ಚು. ಇಸವಿಗಳನ್ನು ಇಂಗ್ಲಿಷ್ ಅಂಕಿಯಲ್ಲಿ ಹೊಡೆದಿದ್ದರಿಂದ ಅವು ಉಳಿದುಕೊಂಡಿದ್ದವು. ಬಂದವರು ಹೆಸರು, ಇಸವಿ ಹೇಳಿದರೆ, ಎಣಿಸಿ, ಯಾವ ಚುಕ್ಕಿ ಎಂದು ಹೇಳಬಹುದಿತ್ತು.

ಆಫೀಸಿಗೆ ರಜೆ ಹಾಕಿದಳು. ಗೇಟಿನ ಬಳಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಳು. ಮುತ್ತುರಾಜ್ ಆಟೋದಲ್ಲಿ ಬೀದಿ ಬೀದಿಗೆ ಹೋಗಿ ಹಳಬರಿಗೆ ಸುದ್ದಿ ಮುಟ್ಟಿಸಿದ. ಜನ ಬಂದರು. ಕೆಲವರು ಬೈದರು. ಒಬ್ಬ ಪಟ್ಟಿಯನ್ನು ಅವಳ ಮುಖಕ್ಕೆ ಎಸೆದ. ಅವಳು ಎತ್ತಿಕೊಂಡು, ಹೆಸರು ಬರೆಸಿಕೊಂಡು, ಬೆರಳು ಮಡಚಿ ಎಣಿಸಿದಳು. ಹದಿಮೂರನೆಯ ದಿನಕ್ಕೆ ನಲವತ್ತು ಸಮಾಧಿಗಳು ತಮ್ಮವರ ಕೈ ಸೇರಿದವು.

ಹದಿನಾಲ್ಕನೆಯ ದಿನ ಪಿಳ್ಳಮ್ಮ ಬಂದಳು. ಹತ್ತಿರದ ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುವವಳು, ಐವತ್ತರ ಆಚೆಯ ವಯಸ್ಸು. ಮಗಳು ಯಮುನಾ 2013ರಲ್ಲಿ ಡೆಂಗಿ ಜ್ವರದಲ್ಲಿ ಹೋಗಿದ್ದಳು, ಆಗ ಅವಳಿಗೆ ಏಳು ವರ್ಷ. ಮಣ್ಣು ಮಾಡಿದ ಗಂಡನೂ ಈಗಿಲ್ಲ. ಪಿಳ್ಳಮ್ಮ ಪ್ರತಿ ವರ್ಷ ಹೂವು ತಂದು ಗೇಟಿನಲ್ಲೇ ಶ್ರೀರಾಮಪ್ಪನವರ ಕೈಗೆ ಕೊಟ್ಟು ಹೋಗುತ್ತಿದ್ದಳು. ಒಳಗೆ ಕಾಲಿಡಲು ಅವಳಿಂದ ಒಮ್ಮೆಯೂ ಆಗಿರಲಿಲ್ಲ.

ಯಮುನಾ ಎಂದರೆ ಐದು ಚಿಹ್ನೆ. ಆ ಇಸವಿಯಲ್ಲಿ ಐದು ಚಿಹ್ನೆಯ ಸಾಲುಗಳು ಎರಡಿದ್ದವು. ಇನ್ನೊಂದು ಯಾರದೆಂದು ಶಾಂತಕುಮಾರಿಗೆ ನೆನಪಿತ್ತು. ಅದನ್ನು ಟೈಪ್ ಮಾಡುವಾಗ ಶ್ರೀರಾಮಪ್ಪ ಹೇಳಿದ್ದರು. ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದು ಬಾಡಿಗೆ ಕೋಣೆಯಲ್ಲಿದ್ದ ದಂಪತಿಯ ಮಗು, ಬೃಂದಾ. ನೀರಿನ ತೊಟ್ಟಿಗೆ ಬಿದ್ದಿತ್ತು. ಮಣ್ಣು ಮಾಡಿದ ವಾರಕ್ಕೇ ಅವರು ಊರು ಬಿಟ್ಟಿದ್ದರು. ಬೃಂದಾ ಎಂದರೂ ಐದೇ.

ಅವಳು ಮತ್ತೆ ಮತ್ತೆ ಎಣಿಸಿದಳು. ಪಿಳ್ಳಮ್ಮ ಅವಳ ಬೆರಳುಗಳನ್ನೇ ನೋಡುತ್ತಿದ್ದಳು.

"ಯಾವ್ದಮ್ಮ ನನ್ ಕೂಸಿಂದು?"

ಒಂದನ್ನು ತೋರಿಸಿದರೆ ಮುಗಿಯುತ್ತಿತ್ತು. ಶಾಂತಕುಮಾರಿ ಕೊನೆಗೆ ಇದ್ದುದನ್ನು ಇದ್ದ ಹಾಗೆ ಹೇಳಿದಳು. ಎರಡಿವೆ, ಒಂದು ನಿಮ್ಮ ಮಗುವಿನದು, ಯಾವುದೆಂದು ನನಗೆ ಗೊತ್ತಾಗುತ್ತಿಲ್ಲ, ಹೀಗಾದದ್ದು ನನ್ನ ಕೈಯಿಂದಲೇ ಎಂದಳು.

ಪಿಳ್ಳಮ್ಮ ಅಳಲಿಲ್ಲ. ಆಮೇಲೆ ಹೇಳಿದಳು: "ಒಂದನ್ನ ತೋರಿಸ್ಬಿಡಬೇಕಿತ್ತು ನೀನು. ನಂಬ್ಕೊಂಡು ಹೋಗ್ತಿದ್ದೆ."

"ಸುಳ್ಳು ಹೇಳೋಕೆ ಆಗ್ಲಿಲ್ಲಮ್ಮ."

"ನಿಜ ಹೇಳಿ ನೀನು ಹಗುರ ಆದೆ. ನಾನು ಇದನ್ನ ಎಲ್ಲಿಗೆ ಹೊತ್ಕೊಂಡು ಹೋಗ್ಲಿ?"

ಗುಮಾಸ್ತರು ಫಾರಂ ತಂದರು. ಒಬ್ಬ ಸಂಬಂಧಿಗೆ ಒಂದೇ ಹೆಸರು, ಒಂದೇ ಸಮಾಧಿ ಎಂದರು. ಪಿಳ್ಳಮ್ಮ ಅಂದು ಮೊದಲ ಸಲ ಗೇಟು ದಾಟಿ ಒಳಗೆ ನಡೆದಳು. ನಕ್ಷೆಯ ಚುಕ್ಕಿಗಳಿದ್ದಲ್ಲಿ ಕಚೇರಿಯವರು ನೆಟ್ಟು ಸುಣ್ಣದಲ್ಲಿ ನಂಬರು ಬರೆದಿದ್ದ ಎರಡು ಗೂಟಗಳ ನಡುವೆ ನಿಂತಳು. ಒಂದರ ಬಳಿ ಕೂತು ಮಣ್ಣು ಮುಟ್ಟಿದಳು, ಎದ್ದು ಇನ್ನೊಂದರ ಬಳಿ ಕೂತು ಮುಟ್ಟಿದಳು. ಆಮೇಲೆ ದೂರದ್ದನ್ನು ತೋರಿಸಿ, "ಅದೇ ಇರ್ಲಿ" ಎಂದು ಹೆಬ್ಬೆಟ್ಟು ಒತ್ತಿದಳು.

ಉಳಿದ ಗೂಟಕ್ಕೆ ಶಾಂತಕುಮಾರಿ ತಾನೇ ಫಾರಂ ತುಂಬಿದಳು. ಸಂಬಂಧ ಎಂಬಲ್ಲಿ ಚಿಕ್ಕಮ್ಮ ಎಂದು ಬರೆದಳು. ಗುಮಾಸ್ತರು ಅವಳ ಆಧಾರ್ ಕಾರ್ಡನ್ನೂ ಅವಳ ಮುಖವನ್ನೂ ನೋಡಿ, ಏನೂ ಕೇಳದೆ ಸೀಲು ಹೊಡೆದರು. ಯಾರೂ ಬಾರದ ಇಪ್ಪತ್ತೆರಡು ಸಮಾಧಿಗಳ ಮೂಳೆಗಳನ್ನು ಬಿಳಿ ಚೀಲಗಳಲ್ಲಿ ತುಂಬಿ ಒಂದೇ ಗುಂಡಿಗೆ ಇಳಿಸಿದರು. ಆ ಹೊತ್ತಿಗೆ ಅವಳೊಬ್ಬಳೇ ಹತ್ತಿರವಿದ್ದಳು. ಇಪ್ಪತ್ತೆರಡರಲ್ಲಿ ಒಂದು ಹೆಸರಾದರೂ ನೆನಪಾದೀತೆ ಎಂದು ತಡಕಾಡಿದಳು. ಆಗಲಿಲ್ಲ.

ಗುಮಾಸ್ತರ ಎದುರು ತಪ್ಪೊಪ್ಪಿಕೊಂಡ ಸುದ್ದಿ ಕೆಂಪರಾಜರ ಕಿವಿಗೆ ಬಿತ್ತು. ಇನ್ನು ಬರುವುದು ಬೇಡವೆಂದು ಅವರು ಫೋನಿನಲ್ಲೇ ಹೇಳಿದರು. ನಾಲ್ಕು ತಿಂಗಳ ನಂತರ ಹಲಸೂರಿನ ಬೇರೊಂದು ಆಫೀಸಿನಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಅಲ್ಲಿ ಕೇಬಲ್ ಮಾರ್ಗಗಳ ನಕ್ಷೆ ಬರೆಯುತ್ತಾಳೆ. ಯಾವ ಫೈಲನ್ನು ಕಳಿಸುವಾಗಲೂ ಪಟ್ಟಿ ತೆರೆದು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದುತ್ತಾಳೆ. ಜೊತೆಯವರಿಗೆ ಬೇಸರವಾಗುತ್ತದೆ, ಅವಳು ಲೆಕ್ಕಿಸುವುದಿಲ್ಲ.

ಪಿಳ್ಳಮ್ಮ ಈಗಲೂ ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುತ್ತಾಳೆ. ಒಮ್ಮೆ ಶಾಂತಕುಮಾರಿ ಧೈರ್ಯ ಮಾಡಿ ಅವಳ ಮುಂದೆ ಹೋಗಿ ನಿಂತಳು. ಪಿಳ್ಳಮ್ಮ ಒಂದು ಕಟ್ಟು ದಂಟಿನ ಸೊಪ್ಪನ್ನು ಅವಳ ಚೀಲಕ್ಕೆ ಹಾಕಿ, ಪಕ್ಕದ ಗಿರಾಕಿಯ ಕಡೆ ತಿರುಗಿದಳು.