ಎಡಗಡೆ ಸ್ಟೀರಿಂಗಿನ ಕಾರು

ತೊಂಬತ್ತರ ದಶಕದ ಮಾತು. ಚಾಮರಾಜಪುರಂನಲ್ಲಿ ನಮ್ಮ ಪಕ್ಕದ ಮನೆಗೆ ಬಂದ ಸೀರೆ ವ್ಯಾಪಾರಿ ರೇವಣ್ಣನವರ ಹತ್ತಿರ ಅಮೆರಿಕದ ಹಳೇ ಕಾರೊಂದಿತ್ತು. ಎಂಟು ಸಿಲಿಂಡರು, ಮಂಚದಷ್ಟು ಬಾನೆಟ್ಟು, ಸ್ಟೀರಿಂಗ್ ಎಡಗಡೆ. ಅದು ಸ್ಟಾರ್ಟ್ ಆದರೆ ನನ್ನ ಎಂಟ್ನೂರು ಸಿಸಿ ಡಬ್ಬಿ ಕಾರಿನ ಗಾಜು ಅದುರುತ್ತಿತ್ತು. ಕುತೂಹಲ ತಡೆಯಲಾರದೆ ಒಂದು ಭಾನುವಾರ, ಅದರಲ್ಲಿ ಒಂದು ಸಲ ಕೂರಿಸಿಕೊಂಡು ಹೋಗ್ತೀರಾ ಎಂದು ಕೇಳಿಯೇಬಿಟ್ಟೆ.

"ಬನ್ನಿ ಸಾರ್, ಕೆಆರ್‌ಎಸ್ ರಸ್ತೇಲಿ ಒಂದು ರೌಂಡ್ ಹೋಗ್ಬರೋಣ" ಎಂದು ನನ್ನನ್ನು ಹಿಂದೆ ಕೂರಿಸಿಕೊಂಡರು. ಮುಂದೆ, ಬಲಗಡೆ ಸೀಟಿನಲ್ಲಿ ಅವರ ಹೆಂಡತಿ ಗಿರಿಜಮ್ಮ. ದಾರಿಯಲ್ಲಿ ಕಬ್ಬಿನ ಲಾರಿ ಅಡ್ಡ ಸಿಕ್ಕಿತು. ಎಡಗಡೆ ಕೂತ ರೇವಣ್ಣನವರಿಗೆ ಎದುರಿನ ರಸ್ತೆ ಕಾಣದು. ಗಿರಿಜಮ್ಮ ಕತ್ತು ಚಾಚಿ ನೋಡಿ, "ಹೂಂ, ಹೋಗ್ರೀ" ಎಂದರು. ಕಾರು ಒಂದೇ ಏಟಿಗೆ ಲಾರಿ ದಾಟಿತು. ನಾನು ಸೀಟಿಗೆ ಅಂಟಿಕೊಂಡೆ.

ವಾಪಸು ಬಂದ ಮೇಲೆ, ಇದನ್ನೂ ಒಮ್ಮೆ ಓಡಿಸಿ ನೋಡಿ ಎಂದು ನನ್ನ ಕಾರಿನ ಕೀ ಅವರಿಗೆ ಕೊಟ್ಟೆ. ಅದೇ ರಸ್ತೆ. ಈ ಸಲ ನಾನು ಮುಂದೆ, ಗಿರಿಜಮ್ಮ ಹಿಂದೆ. ಎತ್ತಿನಗಾಡಿಯೊಂದು ಸಿಕ್ಕಿತು. ಸ್ಟೀರಿಂಗ್ ಬಲಗಡೆ, ರಸ್ತೆ ಕಣ್ಣೆದುರೇ ಖಾಲಿ. ಆದರೂ ರೇವಣ್ಣನವರು ಗಾಡಿಯ ಹಿಂದೆಯೇ ತೆವಳುತ್ತಿದ್ದರು.

"ಯಾಕ್ ಸಾರ್, ಪಿಕಪ್ ಸಾಲದಾ?" ಎಂದೆ.

"ಅದಲ್ಲ ಕಣ್ರೀ, ಇವಳು ಇನ್ನೂ ಹೇಳಿಲ್ವಲ್ಲ!"

ಮನೆಗೆ ಬಂದು ನನ್ನ ಹೆಂಡತಿಗೆ ಇದನ್ನೆಲ್ಲ ವರ್ಣಿಸಿದೆ.

"ನಾನೂ ಹೇಳ್ತಾನೇ ಇರ್ತೀನಿ," ಎಂದಳು. "ನಮ್ಮ ಕಾರಲ್ಲಿ ಕೇಳೋರಿಲ್ಲ, ಅಷ್ಟೆ."