ಬಾಯ್ಲರ್ ಅಕ್ಕ ಮತ್ತು ಉತ್ತರ ಕೊಡದ ಡಿಸ್ಕ್

ಬಾಯ್ಲರ್ ಅಕ್ಕನಿಗೆ ಆರು ವರ್ಷದ ಕಂಪ್ಯೂಟರ್ ಭತ್ಯೆ ಇನ್ನೂ ಬರಬೇಕು. ಆಸ್ಪತ್ರೆಗಳ ಹಾಸುಬಟ್ಟೆ, ಹೊದಿಕೆ ಒಗೆಯುವ ಸಹಕಾರ ಸಂಘದಲ್ಲಿ ಅವಳದು ಹಬೆ ಬಾಯ್ಲರ್ ನೋಡಿಕೊಳ್ಳುವ ಕೆಲಸ. ಗುಮಾಸ್ತ ನಿವೃತ್ತನಾದ ಮೇಲೆ ಅವನ ಕಂಪ್ಯೂಟರನ್ನೂ ಅವಳ ಕೊರಳಿಗೇ ಕಟ್ಟಿದರು. ಸಂಬಳ ಮಾತ್ರ ಬಾಯ್ಲರಿನದ್ದೇ. ಕೇಳಿದಾಗಲೆಲ್ಲ ಮ್ಯಾನೇಜರ್ ಕಂಪ್ಯೂಟರಿನ ಹಿಂದಿದ್ದ ಕಪ್ಪು ಡಿಸ್ಕ್ ತೋರಿಸುತ್ತಿದ್ದ. "ನಿನ್ನ ಕೆಲಸದ ದಾಖಲೆ ಎಲ್ಲಾ ಅದರಲ್ಲಿ ಭದ್ರವಾಗಿದೆಯಮ್ಮಾ. ಪುರುಸೊತ್ತಾದಾಗ ತೆಗೆದು ನೋಡ್ತೀನಿ."

ಅವತ್ತು ಬೆಳಿಗ್ಗೆ ಅವಳು ಕಂಪ್ಯೂಟರಿನ ಲಿನಕ್ಸ್ ತಂತ್ರಾಂಶಕ್ಕೆ ಹೊಸ ಕರ್ನೆಲ್ ಹಾಕಲು ಕೂತಳು. ಕರ್ನೆಲ್ ಅಂದರೆ ಇಡೀ ಯಂತ್ರವನ್ನು ನಡೆಸುವ ಒಳತಿರುಳು. ಮುಕ್ಕಾಲು ಪಾಲು ಸಲೀಸಾಗಿ ಹೋಯಿತು. ಆಮೇಲೆ ಒಂದು ಸಾಲಿಗೆ ಬಂದು ನಿಂತದ್ದು ನಿಂತೇಬಿಟ್ಟಿತು. ಅರ್ಧ ಗಂಟೆಯಾದರೂ ಮಿಸುಕಲಿಲ್ಲ.

ಮ್ಯಾನೇಜರ್ ಬಂದ. "ಏನಮ್ಮಾ, ಕೆಟ್ಟೋಯ್ತಾ? ಸ್ವಿಚ್ ಆರಿಸಿ ಹಾಕು."

"ಅರ್ಧಕ್ಕೆ ಆರಿಸಿದ್ರೆ ಮತ್ತೆ ಏಳೋ ಖಾತ್ರಿ ಇಲ್ಲ ಸಾರ್."

"ಊಟದ ಹೊತ್ತಿಗೆ ಸರಿಹೋಗದಿದ್ರೆ ಹೊರಗಿನ ಕಂಪನಿಗೆ ವಹಿಸಿಬಿಡ್ತೀನಿ. ಆಮೇಲೆ ಭತ್ಯೆ ಗಿತ್ಯೆ ಅಂತ ಬರಬೇಡ."

ಅಲ್ಲೇ ಇಸ್ತ್ರಿ ಕೆಲಸದಲ್ಲಿದ್ದ ಅವಳ ನಾದಿನಿ ಮೇಜಿನಿಂದ ಇಣುಕಿದಳು. "ಅತ್ತಿಗೆ, ಥೇಟ್ ನಮ್ಮಣ್ಣನ ಹಾಗೇ ಇದೆಯಲ್ಲ. ಕೂತ್ರೆ ಕೂತೇ ಇರುತ್ತೆ."

"ನಿಮ್ಮಣ್ಣ ಊಟಕ್ಕೆ ಕರೆದ್ರೆ ಎದ್ದು ಬರ್ತಾನೆ. ಇದಕ್ಕೆ ಹಸಿವೂ ಇಲ್ಲ. ಸುಮ್ನಿರೇ."

ಸಿಟ್ಟಿಗಿಂತ ಅವಳಿಗೆ ಕುತೂಹಲ ಹೆಚ್ಚು. ಇದು ಸತ್ತಿದೆಯೋ, ಯಾರಿಗೋ ಕಾಯುತ್ತಿದೆಯೋ? ಇನ್ನೊಂದು ಕಿಟಕಿ ತೆರೆದು ಒಳಗೆ ನಡೆಯುತ್ತಿದ್ದ ಕೆಲಸಗಳ ಪಟ್ಟಿ ತೆಗೆದಳು. ಎಲ್ಲ ಓಡುತ್ತಿದ್ದವು, ಒಂದು ಬಿಟ್ಟು. ಜೋಡಿಸಿದ ಒಂದೊಂದು ಡಿಸ್ಕಿನ ಬಾಗಿಲೂ ತಟ್ಟಿ, ಒಳಗೆ ಲಿನಕ್ಸಿನಂಥ ಬೇರೆ ಸಿಸ್ಟಂ ಇದೆಯಾ ಎಂದು ವಿಚಾರಿಸುವ ಕೆಲಸ ಅದು. ಯಾವುದೋ ಮನೆಯಿಂದ ಉತ್ತರ ಬಂದಿಲ್ಲ, ಇದು ಬಾಗಿಲಲ್ಲೇ ನಿಂತಿದೆ. ಯಾವ ಮನೆ?

ಹಬೆ ಎಲ್ಲಿ ಸೋರುತ್ತಿದೆಯೆಂದು ತಿಳಿಯದಿದ್ದರೆ ಅವಳು ಬಾಯ್ಲರ್ ಆರಿಸುವವಳಲ್ಲ. ಒಂದೊಂದೇ ವಾಲ್ವ್ ಮುಚ್ಚಿ ಮೀಟರಿನ ಮುಳ್ಳು ನೋಡುತ್ತಾಳೆ. ಇಲ್ಲೂ ಅದನ್ನೇ ಮಾಡಿದಳು. ಪೆನ್‌ಡ್ರೈವ್ ತೆಗೆದಳು. ಏನೂ ಆಗಲಿಲ್ಲ. ಮೆಮೊರಿ ಕಾರ್ಡ್ ಸಿಕ್ಕಿಸುವ ಡಬ್ಬಿ ಕಿತ್ತಳು. ಊಹೂಂ. ಕೊನೆಗೆ ಹಿಂದೆ ಬಗ್ಗಿ ಕಪ್ಪು ಡಿಸ್ಕಿನ ಮೇಲೆ ಅಂಗೈ ಇಟ್ಟಳು. ಒಳಗೇನೋ ತಿರುಗಲು ಹೊರಟು ಟಿಕ್ ಎಂದು ನಿಲ್ಲುತ್ತಿತ್ತು. ಮತ್ತೆ ಹೊರಟು, ಮತ್ತೆ ಟಿಕ್.

ತಂತಿ ಎಳೆದಳು. ಪರದೆಯ ಮೇಲೆ ಸಾಲುಗಳು ದಡದಡ ಓಡಿ, ಕೆಲಸ ಮುಗಿಯಿತು. ಕಂಪ್ಯೂಟರ್ ಮರುಚಾಲೂ ಮಾಡಿದಳು. ಹೊಸ ಕರ್ನೆಲ್ಲಿನಲ್ಲಿ ಎದ್ದು ಕೂತಿತು.

"ಸರಿಯಾಯ್ತು ಸಾರ್. ನಿಮ್ಮ ಭದ್ರವಾದ ಡಿಸ್ಕೇ ಕೆಟ್ಟಿರೋದು. ಕೊನೇ ಸಲ ಯಾವಾಗ ತೆಗೆದು ನೋಡಿದ್ರಿ?"

ಮ್ಯಾನೇಜರ್ ತಾರಸಿ ನೋಡಿದ. "ಹಾಗಾದ್ರೆ ನಿನ್ನ ದಾಖಲೆನೂ ಹೋಯ್ತಲ್ಲಮ್ಮಾ," ಅಂದ. ದನಿಯಲ್ಲಿ ಸಣ್ಣ ನಿರಾಳ.

ಅವಳು ಬಾಯ್ಲರಿನ ಲಾಗ್‌ಬುಕ್ ತಂದು ಮೇಜಿನ ಮೇಲೆ ಇಟ್ಟಳು. ದಿನಕ್ಕೊಮ್ಮೆ ಹಬೆಯ ಒತ್ತಡ ಬರೆಯುವ ದಪ್ಪ ಪುಸ್ತಕ. ಪಕ್ಕದ ಖಾಲಿ ಅಂಕಣದಲ್ಲಿ ಆರು ವರ್ಷ ಮಾಡಿದ ಕಂಪ್ಯೂಟರ್ ಕೆಲಸವೆಲ್ಲ ತಾರೀಖು, ಗಂಟೆ ಸಮೇತ ಬಾಲ್‌ಪೆನ್ನಿನಲ್ಲಿತ್ತು. ಅವತ್ತಿನದನ್ನೂ ಬರೆದಳು: ಕರ್ನೆಲ್ ಹಾಕಿದೆ, ಡಿಸ್ಕ್ ಕೆಟ್ಟಿತ್ತು, ಕಿತ್ತೆ.

"ಅತ್ತಿಗೆ, ಇದನ್ನ ಯಾವಾಗ ಬರೆದೆ?"

"ಕೆಲಸ ಮಾಡಿದಾಗ."

ಪುಸ್ತಕ ಇನ್ನೂ ಆ ಮೇಜಿನ ಮೇಲೇ ಇದೆ. ಸಂಘದಲ್ಲಿ ಷೇರು ಇಟ್ಟು ವರ್ಷವರ್ಷ ಲಾಭ ಎಣಿಸಿಕೊಳ್ಳುವವರೇ, ನಿಮ್ಮನ್ನೇ ಕೇಳುವುದು. ಡಿಸ್ಕಿನ ನೆಪ ತೀರಿತು. ಬರುವ ಸಭೆಯಲ್ಲಿ ಪುಸ್ತಕ ಬಿಚ್ಚಿ ಓದಿ, ಅವಳ ಬಾಕಿ ಕೊಡಿ.