ಎದುರುಮನೆಯ ಧೂಳು, ನಮ್ಮ ತೊಟ್ಟಿಲಲ್ಲಿ

ಗೃಹಪ್ರವೇಶಕ್ಕೆ ಕರೆಯಲು ಬಂದ ಎದುರುಮನೆಯಾಕೆ ಕುಂಕುಮದ ಬಟ್ಟಲು ಹಿಡಿದುಕೊಂಡೇ ನಮ್ಮ ಕುರ್ಚಿಯ ಮೇಲೆ ಬೆರಳಾಡಿಸಿ, ಕರ್ಚೀಫಿನಿಂದ ಒರೆಸಿ ಕುಳಿತಳು. "ಏನಜ್ಜಿ, ಪುಟ್ಟ ಮಗು ಇರೋ ಮನೇಲಿ ಇಷ್ಟೊಂದು ಧೂಳಾ?" ಎಂದಳು.

ನನಗೆ ಮೈಯೆಲ್ಲ ಉರಿದುಹೋಯಿತು. ಆ ಧೂಳು ಅವಳದೇ! ಚಾಮರಾಜಪೇಟೆಯ ನಮ್ಮ ಸಣ್ಣ ರಸ್ತೆಯಲ್ಲೇ ಮಿಷಿನ್ ಇಟ್ಟು ಅವಳ ಮನೆಗೆ ಗ್ರಾನೈಟ್ ಕೊಯ್ಯುತ್ತಿದ್ದರು, ಅದೂ ತೊಟ್ಟು ನೀರು ಹಾಕದೆ. ಕಿಟಕಿಗೆ ಒದ್ದೆ ಸೀರೆ ಕಟ್ಟಿದೆ, ಪೊರಕೆ ಬಿಟ್ಟು ಒದ್ದೆ ಬಟ್ಟೆಯಲ್ಲೇ ನೆಲ ಒರೆಸಿದೆ. ಆದರೂ, ಮಗಳಿಗೆ ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಹುಟ್ಟಿದ ನನ್ನ ಬಂಗಾರ, ಇನ್ನೂ ಕತ್ತು ನಿಲ್ಲದ ಕೂಸು, ತೊಟ್ಟಿಲಲ್ಲಿ ಕೆಮ್ಮಿ ಕೆಮ್ಮಿ ಕೆಂಪಾಗುತ್ತಿತ್ತು.

ಆಕೆ ಕುಂಕುಮ ಕೊಡಲು ಬಂದಾಗ ಕೈ ಅಡ್ಡ ಹಿಡಿದೆ. ಹಾಗೆ ಬೇಡವೆನ್ನುವುದು ನಮ್ಮಲ್ಲಿ ಎಂಥ ಅವಮಾನವೆಂದು ಗೊತ್ತಿದ್ದೇ ಹಿಡಿದೆ.

"ಇದು ನಿಮ್ಮನೆ ಧೂಳೇ ಕಣಮ್ಮಾ. ಮೊದ್ಲು ನೀರು ಬಿಟ್ಕೊಂಡು ಕಲ್ಲು ಕೊಯ್ಸು, ಆಮೇಲೆ ಬಂದು ಕರಿ" ಎಂದೆ.

"ಅಮ್ಮಾ, ಸುಮ್ನಿರೇ" ಎಂದು ಮಗಳು ಒಳಗಿನಿಂದ ಪಿಸುಗುಟ್ಟಿದಳು. ಎದುರುಮನೆಯಾಕೆ ಕುಂಕುಮದ ಬಟ್ಟಲು ಹಿಡಿದು ಹೊರಟುಹೋದಳು.

ಮರುದಿನ ಮತ್ತೆ ಮಿಷಿನ್ ಸದ್ದು. ಜಗಳಕ್ಕೇ ತಯಾರಾಗಿ ಬಾಗಿಲಿಗೆ ಬಂದರೆ, ಕಲ್ಲಿನ ಮೇಲೆ ಪೈಪಿನಿಂದ ನೀರು ಸುರಿಯುತ್ತಿತ್ತು. ಧೂಳು ಏಳುತ್ತಲೇ ಇರಲಿಲ್ಲ.

ಈಗ ಕೂಸು ಕೆಮ್ಮದೆ ಮಲಗುತ್ತದೆ, ನಿದ್ದೆಯಲ್ಲೇ ನಗುತ್ತದೆ. ಎಷ್ಟು ನೋಡಿದರೂ ನನಗೆ ಸಾಲದು. ಸಿಟ್ಟು ಮಾತ್ರ ಇಳಿದಿಲ್ಲ. ಒಂದು ಪೈಪು ಎಳೆಯುವಷ್ಟು ಕೆಲಸಕ್ಕೆ, ಮನೆಬಾಗಿಲಿಗೆ ಬಂದ ಕುಂಕುಮವನ್ನೇ ನಾನು ಬೇಡವೆನ್ನಬೇಕಾಯಿತಲ್ಲ!